ಮೀನುಗಾರಿಕೆ ಸಬ್ಸಿಡಿ ಒಪ್ಪಂದವನ್ನು ನಮ್ಮ ಕರಾವಳಿಯಿಂದ ತೂಗುವ ಬಗೆ

ವಿಶ್ವ ವ್ಯಾಪಾರ ಸಂಸ್ಥೆಯ ಮೀನುಗಾರಿಕೆ ಸಬ್ಸಿಡಿ ಒಪ್ಪಂದದ ಬಗ್ಗೆ ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಚರ್ಚೆ ಏರ್ಪಡಿಸಲು ಬಯಸುವ ಸಹಕಾರ ಸಂಘಗಳಿಗೂ ಕಾಲೇಜು ವಿದ್ಯಾರ್ಥಿಗಳಿಗೂ ಈ ಬರಹ. ಇಂಥ ಸಭೆಗಳು ಹೆಚ್ಚಾಗಿ ‘ಇದು ಶ್ರೀಮಂತ ದೇಶಗಳ ಹುನ್ನಾರ’ ಎಂಬ ಒಂದು ಮಾತಿಗೆ ಮುಗಿದುಹೋಗುತ್ತವೆ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಚೀನಾ, ಭಾರತ, ಇಂಡೋನೇಷ್ಯಾಗಳೇ ದೊಡ್ಡ ಆರ್ಥಿಕ ಶಕ್ತಿಗಳಾಗಿ ಬೆಳೆಯುತ್ತಿರುವಾಗ ಶ್ರೀಮಂತರು, ಬಡವರು ಎಂಬ ಹಳೆಯ ಗೆರೆಯೊಂದನ್ನೇ ನಂಬಿ ನ್ಯಾಯ ತೀರ್ಮಾನಿಸಲು ಬರುವುದಿಲ್ಲ.

ಮೊದಲು ಒಪ್ಪಂದದಲ್ಲಿ ಏನಿದೆ ಎಂಬುದನ್ನು ಸಭೆಯ ಮುಂದೆ ಓದಿ ಹೇಳಬೇಕು. 2022ರ ಜೂನ್ 17ರಂದು ಜಿನೀವಾದಲ್ಲಿ ಅಂಗೀಕಾರವಾದ ಇದು, ಮೂರನೇ ಎರಡರಷ್ಟು ಸದಸ್ಯ ರಾಷ್ಟ್ರಗಳು ಒಪ್ಪಿದ ಮೇಲೆ, 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿತು. ಆ ದಿನ ಒಪ್ಪಿದವರ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಅಕ್ರಮ, ವರದಿಯಾಗದ ಮತ್ತು ನಿಯಂತ್ರಣವಿಲ್ಲದ ಮೀನುಗಾರಿಕೆಗೆ, ಮಿತಿಮೀರಿ ಹಿಡಿದು ಕ್ಷೀಣಿಸಿದ ಮೀನುಸಂಪತ್ತನ್ನು ಹಿಡಿಯುವುದಕ್ಕೆ, ಯಾರ ಅಂಕೆಯಲ್ಲೂ ಇಲ್ಲದ ಆಳಸಮುದ್ರದ ಮೀನುಗಾರಿಕೆಗೆ ಸರ್ಕಾರಗಳು ಸಬ್ಸಿಡಿ ಕೊಡಕೂಡದು ಎಂಬುದು ಅದರ ತಿರುಳು. ನಮ್ಮ ಬೋಟುಗಳ ಕರರಹಿತ ಡೀಸೆಲ್ ನಾಳೆಯೇ ನಿಲ್ಲುತ್ತದೆ ಎಂಬ ಭಯಕ್ಕೆ ಈ ಪಠ್ಯದಲ್ಲಿ ಆಧಾರವಿಲ್ಲ. ನಮ್ಮ ನೀರಿನ ತಾರ್ಲೆಯೋ ಬಂಗಡೆಯೋ ಮಿತಿಮೀರಿ ಹಿಡಿಯಲ್ಪಟ್ಟಿದೆಯೇ ಎಂದು ವಿಜ್ಞಾನದ ಆಧಾರದ ಮೇಲೆ ಗುರುತಿಸುವ ಅಧಿಕಾರವೂ ಕರಾವಳಿ ರಾಷ್ಟ್ರಕ್ಕೆ ಇದೆ. ಬೋಟುಗಳ ಸಂಖ್ಯೆಯನ್ನೂ ಸಾಮರ್ಥ್ಯವನ್ನೂ ಹೆಚ್ಚಿಸುವ ಸಬ್ಸಿಡಿಗಳ ಪ್ರಶ್ನೆ ಎರಡನೆಯ ಹಂತದ ಮಾತುಕತೆಗೆ ಸೇರಿದ್ದು. ಅದು 2024ರಲ್ಲಿ ಅಬುಧಾಬಿಯಲ್ಲಿ ನಡೆದ ಸಂಸ್ಥೆಯ ಸಚಿವರ ಸಮ್ಮೇಳನದಲ್ಲಿಯೂ ಇತ್ಯರ್ಥವಾಗಲಿಲ್ಲ. ಜಾರಿಯಾದ ನಾಲ್ಕು ವರ್ಷಗಳೊಳಗೆ ಸಮಗ್ರ ನಿಯಮಗಳು ರೂಪುಗೊಳ್ಳದಿದ್ದರೆ, ಸಂಸ್ಥೆಯ ಸಾಮಾನ್ಯ ಮಂಡಳಿ ಬೇರೆ ತೀರ್ಮಾನ ಮಾಡದ ಹೊರತು, ಒಪ್ಪಂದವೇ ಕೊನೆಗೊಳ್ಳುತ್ತದೆ. ಆದ್ದರಿಂದ ನಿಜವಾದ ಜಗ್ಗಾಟ ಇನ್ನು ಮುಂದಿದೆ.

ಎರಡನೆಯದಾಗಿ, ಯಾವ ದೇಶವನ್ನು ಯಾವ ಅಳತೆಯಿಂದ ನೋಡುತ್ತಿದ್ದೇವೆ ಎಂಬುದನ್ನು ಸಭೆ ಸ್ಪಷ್ಟಪಡಿಸಿಕೊಳ್ಳಬೇಕು. ಸಮಯದ ಹೆಚ್ಚಿನ ಭಾಗವನ್ನು ಇಲ್ಲಿಯೇ ಕಳೆದರೂ ನಷ್ಟವಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ‘ಅಭಿವೃದ್ಧಿಶೀಲ ರಾಷ್ಟ್ರ’ ಎಂಬುದು ಆಯಾ ದೇಶ ತಾನೇ ಹೇಳಿಕೊಳ್ಳುವ ಸ್ಥಾನ. ದೂರಸಾಗರದಲ್ಲಿ ಹಿಡಿಯುವ ಹಡಗುಗಳ ಪಡೆ ಜಗತ್ತಿನಲ್ಲೇ ಅತಿ ದೊಡ್ಡದಾಗಿ ಇರುವುದು ಚೀನಾದಲ್ಲಿ. ಅದೇ ಚೀನಾ 2023ರಲ್ಲಿ ಈ ಒಪ್ಪಂದವನ್ನು ಒಪ್ಪಿತು, ಮತ್ತು ಮುಂದಿನ ಮಾತುಕತೆಗಳಲ್ಲಿ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಸಿಗುವ ಹೊಸ ವಿಶೇಷ ರಿಯಾಯಿತಿ ಕೇಳುವುದಿಲ್ಲವೆಂದು 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಭಾರತ ಮೀನು ಉತ್ಪಾದನೆಯಲ್ಲಿ ಜಗತ್ತಿಗೆ ಎರಡನೆಯದು, ಆದರೆ ತಲಾ ಆದಾಯದಲ್ಲಿ ಬಹಳ ಹಿಂದೆ. ನಮ್ಮ ಮೀನುಗಾರರಲ್ಲಿ ಬಹುಪಾಲು ಜನ 200 ನಾಟಿಕಲ್ ಮೈಲಿಯ ನಮ್ಮದೇ ಆರ್ಥಿಕ ವಲಯದೊಳಗೆ ದುಡಿಯುವವರು. ಸಮುದ್ರಕ್ಕಾಗುವ ಹಾನಿಯನ್ನು ಕೇಳುವಾಗ ಒಟ್ಟು ಗಾತ್ರವನ್ನು ಲೆಕ್ಕಕ್ಕೆ ಹಿಡಿಯಬೇಕು. ಭಾರ ಹೊರುವ ಶಕ್ತಿಯನ್ನು ಕೇಳುವಾಗ ತಲಾ ಲೆಕ್ಕವನ್ನು. ತನಗೆ ಅನುಕೂಲವಾದ ಅಳತೆಯನ್ನು ಎಲ್ಲ ಪ್ರಶ್ನೆಗೂ ಬಳಸುವುದು ಎಲ್ಲ ದೇಶಗಳೂ ಮಾಡುವ ಕೆಲಸ, ನಾವೂ ಸೇರಿದಂತೆ.

ಭಾರತದ ಬೇಡಿಕೆಯನ್ನು ಇದೇ ಒರೆಗೆ ಹಚ್ಚಬಹುದು. ದೂರಸಾಗರಕ್ಕೆ ಹಡಗು ಕಳಿಸುವ ದೇಶಗಳು 25 ವರ್ಷ ಆ ಸಬ್ಸಿಡಿ ನಿಲ್ಲಿಸಬೇಕು, ಅಭಿವೃದ್ಧಿಶೀಲ ದೇಶಗಳಿಗೆ ತಮ್ಮ ವಲಯದಲ್ಲಿ ಸಬ್ಸಿಡಿ ಮುಂದುವರಿಸಲು 25 ವರ್ಷಗಳ ಅವಕಾಶ ಬೇಕು ಎಂದು ನಮ್ಮ ಸರ್ಕಾರ ಕೇಳುತ್ತ ಬಂದಿದೆ. ಜಪಾನ್, ಸ್ಪೇನ್, ದಕ್ಷಿಣ ಕೊರಿಯಾ ದಶಕಗಳ ಕಾಲ ಸಬ್ಸಿಡಿಯ ಬಲದಿಂದ ಹಡಗು ಕಟ್ಟಿದವು. ಆದ್ದರಿಂದ ಮೊದಲ ಅರ್ಧಕ್ಕೆ ನೈತಿಕ ಬಲ ಹೆಚ್ಚು. ಎರಡನೆಯ ಅರ್ಧದ ಬಲ, ಆ 25 ವರ್ಷಗಳಲ್ಲಿ ಏನು ಮಾಡುತ್ತೇವೆ ಎಂಬ ಉತ್ತರವನ್ನು ಅವಲಂಬಿಸಿದೆ.

ಹಾಗಾಗಿ ಮೂರನೆಯ ಕೆಲಸ, ಅದೇ ನ್ಯಾಯವನ್ನು ನಮ್ಮ ದಡಕ್ಕೂ ಅನ್ವಯಿಸಿ ನೋಡುವುದು. 1970ರ ದಶಕದಲ್ಲಿ, ಬೋಟಿನಿಂದ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದಾಗ ಊರಿಗೆ ಊರೇ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿಯಿತು. ದೀಪ ಬೆಳಗಿ ಮೀನನ್ನು ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆಯನ್ನೂ ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತಾದರೂ ಆ ಕುರಿತ ತಕರಾರು ನಿಂತಿಲ್ಲ. ಡೀಸೆಲ್ ರಿಯಾಯಿತಿ ಲೀಟರಿನ ಲೆಕ್ಕದಲ್ಲಿ ಸಿಗುವುದರಿಂದ ದೊಡ್ಡ ಎಂಜಿನ್ನಿಗೆ ದೊಡ್ಡ ಪಾಲು ಹೋಗುವುದು ಸಹಜ. ಜಿನೀವಾದಲ್ಲಿ ಸಣ್ಣ ಪಾತಿ ದೋಣಿಯ ಹೆಸರು ಹೇಳಿ ಪಡೆದ ರಿಯಾಯಿತಿ ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಯಾವ ದೋಣಿಗೆ ತಲುಪುತ್ತದೆ ಎಂಬುದಕ್ಕೆ ಅಂಕಿಸಂಖ್ಯೆ ಬೇಕು; ದೋಣಿಯ ಬಗೆಗೆ ಅನುಗುಣವಾಗಿ ವಿತರಣೆಯ ಲೆಕ್ಕ ಕೊಡುವಂತೆ ಮೀನುಗಾರಿಕೆ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನು ಸಭೆಗೆ ಎರಡು ತಿಂಗಳು ಮೊದಲೇ ಹಾಕಿರಬೇಕು. (ಬೇಲೆಕೇರಿ ಬಂದರಿನಿಂದ ಕಬ್ಬಿಣದ ಅದಿರು ಅಕ್ರಮವಾಗಿ ಹೋಗುತ್ತಿದ್ದಾಗಲೂ ಚೀನಾದ ಹಸಿವನ್ನು ದೂರುವುದು ಸುಲಭವಾಗಿತ್ತು, ಆದರೆ 2011ರ ಲೋಕಾಯುಕ್ತ ವರದಿ ಬೆರಳು ತೋರಿಸಿದ್ದು ನಮ್ಮ ರಾಜ್ಯದೊಳಗಿನವರ ಕಡೆಗೆ.)

ಚರ್ಚೆಯಲ್ಲಿ ಒಬ್ಬರು ಪಶ್ಚಿಮ ಆಫ್ರಿಕದ ಸೆನೆಗಲ್‌ನ ಪರ ವಾದಿಸಲಿ: ವಿದೇಶಿ ಹಡಗುಗಳು ತಮ್ಮ ಕಡಲಿಗೆ ಬಂದು ಹಿಡಿಯುವುದನ್ನು ಕಂಡ ಆ ದೇಶದ ಮೀನುಗಾರರಿಗೆ ಹಡಗಿನ ಬಾವುಟ ಯುರೋಪಿನದೋ ಏಷ್ಯಾದ್ದೋ ಎಂಬುದು ದೊಡ್ಡ ವ್ಯತ್ಯಾಸವಲ್ಲ. ಬುಟ್ಟಿ ಹೊತ್ತು ಮೀನು ಮಾರುವ ಮಹಿಳೆಯರನ್ನು ಕೇಳುಗರಾಗಿ ಮಾತ್ರ ಕರೆಯದೆ ಮಾತಿಗೂ ಕರೆಯಬೇಕು.

ಕೊನೆಗೆ ಗೊತ್ತುವಳಿ. ತೀರದಿಂದ 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯದ್ದು, ಅದರಾಚೆಯದು ಕೇಂದ್ರದ್ದು. ಒಪ್ಪಂದದ ಮಾತುಕತೆ ಕೇಂದ್ರ ವಾಣಿಜ್ಯ ಸಚಿವಾಲಯದ್ದು. ಎರಡೂ ಸರ್ಕಾರಗಳಿಗೆ ಬೇರೆ ಬೇರೆ ಪತ್ರ ಬರೆಯುವ ಬದಲು, ಹೊರದೇಶಗಳಿಂದ ಏನು ಕೇಳುತ್ತೇವೆ, ನಮ್ಮಲ್ಲಿ ಏನು ಬದಲಾಗಬೇಕು ಎಂಬ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಇಬ್ಬರಿಗೂ ಕಳಿಸುವುದು ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ಸಭೆ ಇಟ್ಟುಕೊಂಡರೆ ಟ್ರಾಲ್ ಮತ್ತು ಪರ್ಸೀನ್ ಬೋಟಿನವರು ದಡದಲ್ಲಿ ಸಿಗುತ್ತಾರೆ. ನಾಡದೋಣಿಯವರು ಆಗಲೂ ಕಡಲಿಗೆ ಇಳಿಯುವುದರಿಂದ ಹೊತ್ತನ್ನು ಅವರನ್ನು ಕೇಳಿಯೇ ಗೊತ್ತುಮಾಡಬೇಕು.