ರಸ್ತೆಗಿಂತ ಕೆಳಗಿರುವ ಮನೆಗೆ ಕುಂಡಗಳ ಮರೆ

ಮಡಿಕೇರಿಯಲ್ಲಿ ನಮ್ಮ ಬಾಡಿಗೆ ಮನೆ ಇರುವುದು ರಸ್ತೆಯ ಕೆಳಮಗ್ಗುಲಲ್ಲಿ. ದಾರಿಯಲ್ಲಿ ಹೋಗುವವರಿಗೆ ಸಿಟೌಟ್ ಪೂರ್ತಿ ಕಾಣುತ್ತಿತ್ತು. ಬೆಳಿಗ್ಗೆ ಅಲ್ಲಿ ಕೂತು ಕಾಫಿ ಕುಡಿಯಲು ಅತ್ತೆಗೆ ಆಸೆ. ಆದರೆ "ಎಲ್ಲರೂ ನೋಡ್ತಾರೆ, ಬೇಡಮ್ಮ" ಅಂತ ಒಳಗೇ ಉಳಿಯುತ್ತಿದ್ದರು. ಬಾಡಿಗೆ ಮನೆಗೆ ಗೋಡೆ ಕಟ್ಟಲು ಆಗುವುದಿಲ್ಲ, ಅಲ್ವಾ? ಕುಂಡ ಇಡೋಣ ಅಂದುಕೊಂಡೆ.

ನಾಲ್ಕು ಅರೆಕಾ ಪಾಮ್ ತಂದು ಅಂಗಳದ ಅಂಚಿಗೆ ಸಾಲಾಗಿ ಇಟ್ಟೆ. ಆಳೆತ್ತರದ ಗಿಡಗಳು. ಆದರೂ ನಾವು ಕಾಣುತ್ತಲೇ ಇದ್ದೆವು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ನಾನೇ ರಸ್ತೆಗೆ ಹೋಗಿ ನಿಂತು ನೋಡಿದಾಗ ಕಾರಣ ತಿಳಿಯಿತು. ನೋಡುವವರ ಕಣ್ಣು ಮೇಲಿನಿಂದ ಇಳಿಜಾರಾಗಿ ಬರುತ್ತದೆ. ಗಿಡ ಕುರ್ಚಿಯಿಂದ ದೂರ ಇದ್ದಷ್ಟೂ ಎತ್ತರ ಜಾಸ್ತಿ ಬೇಕು. ಕುರ್ಚಿಯಿಂದ 2 ಅಡಿ ದೂರಕ್ಕೆ ತಂದರೆ, ಕುಂಡವೂ ಸೇರಿ 5 ಅಡಿ ಸಾಕು. ನಾನು ಮೇಲಿನಿಂದ "ಇನ್ನೂ ಸ್ವಲ್ಪ ಒಳಗೆ" ಅನ್ನುತ್ತಿದ್ದೆ, ಯಜಮಾನರು ಕುಂಡ ಸರಿಸುತ್ತಿದ್ದರು. ಗಿಡ ಕೊಳ್ಳುವ ಮೊದಲೇ ಈ ಕೆಲಸ ಮಾಡಬೇಕಿತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು. ನೆಲ ಕೊಳೆಯಾಗದಿರಲಿ ಅಂತ ಕುಂಡಗಳ ಕೆಳಗೆ ತಟ್ಟೆ ಇಟ್ಟಿದ್ದೆ. ಅವುಗಳಲ್ಲಿ ನೀರು ನಿಂತು ಎರಡು ಗಿಡಗಳ ಬೇರು ಕೊಳೆತವು. ಇನ್ನೊಂದು ಗಾಳಿಗೆ ಉರುಳಿ ಬಿತ್ತು, ಪ್ಲಾಸ್ಟಿಕ್ ಕುಂಡ ಹಗುರ ನೋಡಿ. ತುಂಬಾ ಬೇಜಾರಾಯಿತು.

ಮಳೆ ಕಳೆದ ಮೇಲೆ ಅಗಲ ಬಾಯಿಯ ಸಿಮೆಂಟ್ ಕುಂಡ ತಂದೆ. ತಟ್ಟೆ ತೆಗೆದು, ತೂತು ಮುಚ್ಚದಂತೆ ಇಟ್ಟಿಗೆ ಕೊಟ್ಟೆ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಸಗಣಿ ಗೊಬ್ಬರ ಕಲಸಿದೆ. ಸತ್ತ ಪಾಮ್‌ಗಳ ಜಾಗಕ್ಕೆ ಅರೇಬಿಕಾ ಕಾಫಿ ಗಿಡ ನೆಟ್ಟೆ. ತೋಟದ ಗಿಡ ಕುಂಡದಲ್ಲಾ ಅಂತ ಅತ್ತೆಗೆ ಅನುಮಾನ. ಆದರೆ ನನಗೆ ಇದರಷ್ಟು ಒಗ್ಗಿದ ಗಿಡ ಬೇರೆ ಸಿಗಲಿಲ್ಲ. ನೆರಳಿನಲ್ಲೂ ಬೆಳೆಯುತ್ತದೆ, ವರ್ಷವಿಡೀ ಎಲೆ ಇರುತ್ತದೆ. ತುದಿ ಮುರಿದರೆ ಮೇಲಕ್ಕೆ ಓಡದೆ ಅಕ್ಕಪಕ್ಕಕ್ಕೆ ಹರಡುತ್ತದೆ. ಮರೆಗೆ ಬೇಕಾದದ್ದೂ ಅದೇ. ಬುಡದ ಸಂದಿಗೆ ಜರಿಗಿಡ ಇಟ್ಟೆ.

ಗೇಟಿನ ಕಡೆ ಒಂದು ಕುಂಡದಷ್ಟು ಜಾಗ ಖಾಲಿ ಬಿಟ್ಟಿದ್ದೇವೆ. ಅತ್ತೆಯೇ ಕೇಳಿದ್ದು. ಮನೆಗೆ ಯಾರು ಬರುತ್ತಿದ್ದಾರೆ ಅಂತ ಅವರಿಗೆ ಕೂತಲ್ಲಿಂದಲೇ ಕಾಣಬೇಕು.