ಜೂನ್ 5ಕ್ಕೆ ನಾವು ಗಿಡ ನೆಡುವುದಿಲ್ಲ

ನಾನು ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಐದನೇ ತರಗತಿವರೆಗಿನ ಮಕ್ಕಳು. ಪರಿಸರ ದಿನಕ್ಕೆ ನಾವು ಗಿಡ ನೆಡುವುದಿಲ್ಲ, ಬೀಜ ಹಾಕುತ್ತೇವೆ. ನೆಡುವುದು ಉತ್ತರೆ ಮಳೆ ಹಿಡಿದ ಮೇಲೆ, ಸೆಪ್ಟೆಂಬರ್‌ನಲ್ಲಿ.

ಜೂನ್ 5 ಅನ್ನೋ ದಿನ 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಿಂದ ಬಂದದ್ದು. ನಮ್ಮ ಮಳೆ ನೋಡಿ ಇಟ್ಟ ದಿನವಲ್ಲ. ಮಲೆನಾಡಿನಲ್ಲಿ ಜೂನ್‌ನಲ್ಲಿ ನೆಟ್ಟರೆ ಮಳೆಯೇ ಗಿಡವನ್ನು ಸಾಕುತ್ತದೆ. ಶಿರಾ, ಪಾವಗಡ, ಮಧುಗಿರಿ ಕಡೆ ಹಾಗಲ್ಲ. ಮುಂಗಾರು ನಮ್ಮಲ್ಲಿಗೆ ಬರುವ ಹೊತ್ತಿಗೆ ಗಾಳಿ, ಮೋಡವೇ ಜಾಸ್ತಿ. ಒಳ್ಳೆ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ಫೋಟೊ ತೆಗೆದು ನೆಟ್ಟ ಗಿಡ ಜುಲೈ ಗಾಳಿಗೆ ಒಣಗುತ್ತದೆ. ದಿನಾ ಅದೇ ಅಂಗಳದಲ್ಲಿ ಆಡುವ ಮಕ್ಕಳ ಕಣ್ಣಿಗೇ ಅದು ಮೊದಲು ಬೀಳುತ್ತದೆ. ತಾನು ಕೈಯಾರೆ ನೆಟ್ಟದ್ದು ಎದುರಿಗೇ ಸತ್ತರೆ ಆ ಮಗು ಮುಂದಿನ ವರ್ಷ ಯಾವ ನಂಬಿಕೆಯಿಂದ ಗುಂಡಿ ತೋಡಬೇಕು?

ಬೀಜ ಕೂಡಿಡುವ ಕೆಲಸ ಬೇಸಿಗೆ ರಜೆಗೆ ಮುಂಚೆಯೇ ಶುರುವಾಗುತ್ತದೆ. ಹೊಂಗೆ ಕಾಯಿ ಮರದ ಬುಡದಲ್ಲೇ ಸಿಗುತ್ತವೆ. ಹುಣಸೆಹಣ್ಣು ಕುಟ್ಟುವ ಕಾಲವೂ ಅದೇ, ಹಾಗಾಗಿ ಮನೆಮನೆಯಲ್ಲೂ ಬೀಜದ ರಾಶಿ. ಬೇವಿನ ಲೆಕ್ಕ ಬೇರೆ. ಅದರ ಹಣ್ಣು ಉದುರುವುದೇ ಜೂನ್, ಜುಲೈನಲ್ಲಿ. ಬೀಜವನ್ನು ಎರಡು ಮೂರು ವಾರ ಸುಮ್ನೆ ಇಟ್ಟರೆ ಮೊಳೆಯುವ ಶಕ್ತಿಯೇ ಹೋಗುತ್ತದೆ. ತಿರುಳು ತೊಳೆದು, ನೆರಳಲ್ಲಿ ಒಣಗಿಸಿ, ತಕ್ಷಣ ಹಾಕಬೇಕು. ನೇರಳೆಯೂ ಹಾಗೇ. ನೇರಳೆಯ ಒಂದೇ ಬೀಜದಿಂದ ಎರಡು, ಮೂರು ಸಸಿ ಬರುವುದುಂಟು. ಅದು ಯಾರ ಪಾಲಿಗೆ ಬಂದರೂ ಆ ದಿನ ಬೇರೆ ಪಾಠ ನಡೆಯುವುದಿಲ್ಲ.

ಸಸಿ ಚೀಲಕ್ಕೆ ದುಡ್ಡು ಬೇಕಿಲ್ಲ. ಅರ್ಧ ಲೀಟರಿನ ನಂದಿನಿ ಹಾಲಿನ ಪ್ಯಾಕೆಟ್ ಸಾಕು. ಮಕ್ಕಳು ಮನೆಯಿಂದ ತೊಳೆದು ತರುತ್ತಾರೆ. ತಳದಲ್ಲಿ ನಾಲ್ಕೈದು ತೂತು, ಎರಡು ಪಾಲು ಕೆಂಪು ಮಣ್ಣು, ಒಂದೊಂದು ಪಾಲು ಮರಳು, ಕೊಟ್ಟಿಗೆ ಗೊಬ್ಬರ. ನೆಡುವ ದಿನ ಪ್ಯಾಕೆಟ್ ಕತ್ತರಿಸಿ ತೆಗೆದು ಶಾಲೆಗೇ ವಾಪಸ್ ತರಬೇಕು. ಗಿಡದ ಜೊತೆ ಪ್ಲಾಸ್ಟಿಕ್ಕನ್ನೂ ಹೂತು ಬರುವುದಾದರೆ ನೆಟ್ಟು ಏನು ಬಂತು?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹುಣಸೆ ಬೀಜದ ಕೆಲಸ. ನಮ್ಮ ಮಕ್ಕಳಿಗೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜುವುದು ಯಾರೂ ಕಲಿಸಬೇಕಿಲ್ಲ. ಚೌಕಾಬಾರ ಆಡಲು ಒಂದು ಬದಿ ಬಿಳಿ ಬರುವವರೆಗೆ ಉಜ್ಜುತ್ತಾರೆ. ಬಿಸಿಯಾದ ಬೀಜವನ್ನು ಪಕ್ಕದವರ ಕೈಗೆ ಚುರುಕ್ ಅಂತ ಮುಟ್ಟಿಸುತ್ತಾರೆ. ಹುಣಸೆ ಬೀಜದ ಸಿಪ್ಪೆ ಗಟ್ಟಿ, ನೀರು ಬೇಗ ಒಳಗಿಳಿಯುವುದಿಲ್ಲ. ಅಂಚಿನಲ್ಲಿ ಒಂಚೂರು ಉಜ್ಜಿ ರಾತ್ರಿಯಿಡೀ ನೆನೆಸಿದರೆ ಬೇಗ ಮೊಳೆಯುತ್ತದೆ. ಇದನ್ನು ನಾನು ಮೊದಲೇ ಹೇಳಲಿಲ್ಲ. ಒಂದು ಸಾಲಿಗೆ ಉಜ್ಜಿದ ಬೀಜ, ಇನ್ನೊಂದಕ್ಕೆ ಹಾಗೇ ಇದ್ದದ್ದು ಹಾಕಿಸಿದೆ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಓಡಿ ಹೋಗಿ ನೋಡುವುದೇ ಕೆಲಸವಾಯಿತು. ಉಜ್ಜಿದ ಸಾಲು ಮೊದಲು ಎದ್ದಿತು. ಹುಣಸೆ ಮೊಳೆಯುವಾಗ ಬೇಳೆ ಎರಡೂ ಮಣ್ಣಿನ ಮೇಲೆ ಬರುತ್ತವೆ, ತುದಿಗೆ ಸಿಪ್ಪೆ ಅಂಟಿಕೊಂಡಿರುತ್ತದೆ. "ಮಿಸ್, ಟೋಪಿ ಹಾಕ್ಕೊಂಡು ಬಂದೈತೆ" ಅಂತ ಎರಡನೇ ತರಗತಿಯ ಹುಡುಗಿ ಕೂಗಿದಳು. ಹೊಂಗೆಯದು ಹಾಗಲ್ಲ. ಅದರ ಬೇಳೆ ಮಣ್ಣಿನಲ್ಲೇ ಉಳಿದು ಬರೀ ಚಿಗುರು ಮೇಲೇಳುತ್ತದೆ. ಯಾಕೆ ಹೀಗೆ ಅಂತ ಅವರೇ ಕೇಳಿದರು. ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದರೆ ಆ ಪ್ರಶ್ನೆ ಬರುತ್ತಿರಲಿಲ್ಲ.

ಹುಣಸೆಯೇ ಯಾಕೆ ಅಂದರೆ ನಮ್ಮ ತಾಲ್ಲೂಕಿನ ಕಗ್ಗಲಡು. ಆ ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಮನೆಗಳ ಪಕ್ಕದಲ್ಲೇ. ಊರವರು ಅವುಗಳ ತಂಟೆಗೆ ಹೋಗುವುದಿಲ್ಲ. ಅದನ್ನು ನೋಡಿ ಬಂದ ಮಕ್ಕಳಿಗೆ ಮರ ಯಾಕೆ ಬೇಕು ಅಂತ ನಾನು ಭಾಷಣ ಮಾಡಬೇಕಾಗಲಿಲ್ಲ.

ಹೊಂಗೆ, ಹುಣಸೆ ಸಸಿಗಳನ್ನು ಆ ವರ್ಷವೇ ನೆಡುತ್ತೇವೆ. ಬೇವು, ನೇರಳೆ ಸೆಪ್ಟೆಂಬರ್ ಹೊತ್ತಿಗೆ ಇನ್ನೂ ಚಿಕ್ಕವು. ಅವು ಒಂದು ವರ್ಷ ಶಾಲೆಯಲ್ಲೇ ಇರಲಿ. ಆಗಾಗ ಪ್ಯಾಕೆಟ್ ಜಾಗ ಬದಲಿಸಬೇಕು, ಇಲ್ಲದಿದ್ದರೆ ಬೇರು ತಳದಿಂದ ನೆಲಕ್ಕೇ ಇಳಿದುಬಿಡುತ್ತದೆ. ಉತ್ತರೆಯಲ್ಲಿ ನೆಟ್ಟರೆ ಇನ್ನೊಂದು ಅನುಕೂಲವಿದೆ. ದಸರಾ ರಜೆಯಲ್ಲಿ ಮಕ್ಕಳು ಅಜ್ಜಿ ಊರಿಗೆ ಹೋದರೂ ಹಸ್ತ, ಚಿತ್ತೆ ಮಳೆ ನೀರು ಕೊಡುತ್ತವೆ.

ಸಸಿ ಕೊಡುವ ಮುಂಚೆ ಪ್ರತಿ ಮಗುವಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಏಪ್ರಿಲ್‌ನಲ್ಲಿ ಇದಕ್ಕೆ ನೀರು ಎಲ್ಲಿಂದ? ಉತ್ತರ ಇದ್ದರೆ ಸಸಿ, ಇಲ್ಲದಿದ್ದರೆ ಇಲ್ಲ. ಬಚ್ಚಲ ನೀರು ಹರಿಯುವ ಕಡೆ, ದನಕ್ಕೆ ನೀರಿಡುವ ತೊಟ್ಟಿ ಪಕ್ಕ, ಅಂಗನವಾಡಿ ನಲ್ಲಿಯ ಹತ್ತಿರ ಅಂತ ಅವರೇ ಜಾಗ ಹುಡುಕಿಕೊಂಡು ಬರುತ್ತಾರೆ. ಶಾಲೆಯ ಗಿಡಗಳಿಗೆ ಬಿಸಿಯೂಟದ ನಂತರ ಕೈ, ತಟ್ಟೆ ತೊಳೆದ ನೀರು ಕಾಲುವೆಯಲ್ಲಿ ಹೋಗುತ್ತದೆ. ಬುಡಕ್ಕೆ ಕಡಲೆಕಾಯಿ ಸಿಪ್ಪೆ ದಪ್ಪಗೆ ಹೊದಿಸಿದರೆ ತೇವ ಜಾಸ್ತಿ ದಿನ ನಿಲ್ಲುತ್ತದೆ. ಹೊಂಗೆ ಎಲೆಯನ್ನು ಮೇಕೆ ಅಷ್ಟಾಗಿ ಮುಟ್ಟುವುದಿಲ್ಲ. ಹುಣಸೆಯನ್ನು ಬಿಡುವುದಿಲ್ಲ. ಜಾಲಿ ಮುಳ್ಳಿನ ಬೇಲಿ ಬೇಕೇಬೇಕು. ಮುಳ್ಳು ಕಡಿಯುವುದು ಮಾತ್ರ ದೊಡ್ಡವರ ಕೆಲಸ.

ಈ ಸಲ ಒಬ್ಬ ಹುಡುಗ ಗುಬ್ಬಿ ತಾಲ್ಲೂಕಿನ ಚೇಳೂರಿನ ನೆಂಟರ ಮನೆಯಿಂದ ಹಲಸಿನ ಬೀಜ ತಂದಿದ್ದಾನೆ. ನಮ್ಮೂರಲ್ಲಿ ಹಲಸಿಗೆ ನೀರು ಸಾಲದು ಕಣೋ ಅಂದೆ. "ತೆಂಗಿನ ತೋಟದ ಕಾಲುವೆ ಪಕ್ಕ ಹಾಕ್ತೀನಿ ಮಿಸ್, ತಾತನ್ನ ಕೇಳಿದೀನಿ" ಅಂದ. ಅವನಿಗೂ ಒಂದು ಪ್ಯಾಕೆಟ್ ಕೊಟ್ಟಿದ್ದೇನೆ.