ತರಗತಿಗೆ ಬೆಳಕು ಬರಲಿ, ಬಿಸಿಲು ಬೇಡ

ಹೊಸದಾಗಿ ಕಟ್ಟಿದ ಎಷ್ಟೋ ಶಾಲೆಗಳಲ್ಲಿ ಬೆಳಗಿನ ಹನ್ನೊಂದು ಗಂಟೆಗೂ ಕಿಟಕಿಗೆ ಪರದೆ ಎಳೆದು ಟ್ಯೂಬ್‌ಲೈಟ್ ಉರಿಸಿರುತ್ತಾರೆ. ಬಿಸಿಲು ನೇರವಾಗಿ ಪುಸ್ತಕದ ಮೇಲೆ ಬಿದ್ದು ಮಕ್ಕಳ ಕಣ್ಣು ಕುಕ್ಕುವುದೇ ಇದಕ್ಕೆ ಕಾರಣ. ತರಗತಿಗೆ ಬೇಕಾದ ಸುಮಾರು 300 ಲಕ್ಸ್ (ಲಕ್ಸ್ ಎಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕನ್ನು ಹಗಲಿನ ಆಕಾಶವೇ ಧಾರಾಳವಾಗಿ ಕೊಡಬಲ್ಲದು. ಆದರೆ ನಕ್ಷೆ ಬರೆಯುವಾಗಲೇ ಅದಕ್ಕೆ ದಾರಿ ಮಾಡಿಕೊಡಬೇಕು.

ಮೊದಲು ದಿಕ್ಕು. ಕಟ್ಟಡದ ಉದ್ದ ಪೂರ್ವ–ಪಶ್ಚಿಮವಾಗಿರಲಿ, ಕಿಟಕಿಗಳು ಉತ್ತರ, ದಕ್ಷಿಣಕ್ಕೆ ತೆರೆಯಲಿ. ಪಶ್ಚಿಮದ ಬದಿಗೆ ಮೆಟ್ಟಿಲು, ಉಗ್ರಾಣ ಸಾಕು.

ಎರಡನೆಯದು ಕಿಟಕಿಯ ಎತ್ತರ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಸುಮಾರು ಎರಡರಷ್ಟು ದೂರದವರೆಗೆ ಮಾತ್ರ ಓದಲು ಸಾಕಾಗುವ ಬೆಳಕು ಒಳಗೆ ತಲುಪುತ್ತದೆ. ಮೇಸ್ತ್ರಿಗಳು ರೂಢಿಯಂತೆ ಏಳಡಿಗೆ ಲಿಂಟಲ್ (ಕಿಟಕಿಯ ಮೇಲಿನ ಅಡ್ಡತೊಲೆ) ಹಾಕಿ ಅದರ ಮೇಲೆ ಬರಿಯ ಗೋಡೆ ಕಟ್ಟಿಬಿಡುತ್ತಾರೆ. ಆಗ ಇಪ್ಪತ್ತಡಿ ಆಳದ ಕೊಠಡಿಯಲ್ಲಿ ಹದಿನಾಲ್ಕು ಅಡಿಯಾಚೆಗಿನ ಬೆಂಚುಗಳು ಮಬ್ಬಿನಲ್ಲಿ ಉಳಿಯುತ್ತವೆ. ಚಾವಣಿ ಹನ್ನೊಂದು ಅಡಿಯಲ್ಲಿದ್ದರೆ ಏಳಡಿ ಎತ್ತರದಲ್ಲಿರುವ ಸಜ್ಜಾದ (ಕಿಟಕಿಯ ಮೇಲೆ ಹೊರಚಾಚಿದ ಚಪ್ಪಡಿ) ಮೇಲೆ, ಹತ್ತಡಿ ಎತ್ತರದವರೆಗೆ, ಗೋಡೆಯುದ್ದಕ್ಕೂ ಗಾಜಿನ ವೆಂಟಿಲೇಟರ್ ಇಡಿಸಿ. ಸಜ್ಜಾದ ಮೇಲ್ಮೈಗೆ ಬಿಳಿ ಬಣ್ಣ ಬಳಿದರೆ ಅದರ ಮೇಲೆ ಬಿದ್ದ ಬೆಳಕು ಚಾವಣಿಗೆ ಚಿಮ್ಮಿ, ಅಲ್ಲಿಂದ ಹಿಂದಿನ ಬೆಂಚುಗಳ ಮೇಲೆ ಮೃದುವಾಗಿ ಇಳಿಯುತ್ತದೆ. ಮಳೆನೀರು ನಿಲ್ಲದಂತೆ ಸಜ್ಜಾಕ್ಕೆ ಹೊರಗಡೆ ಇಳಿಜಾರು ಕೊಡಬೇಕು. ಮಲೆನಾಡಿನಲ್ಲಿ ಮಳೆಗಾಲ ಮುಗಿದೊಡನೆ ಪಾಚಿ ಉಜ್ಜಿ ತೆಗೆಯದಿದ್ದರೆ ಈ ಏರ್ಪಾಡೆಲ್ಲ ವ್ಯರ್ಥ.

ಸಜ್ಜಾದ ಅಗಲವನ್ನೂ ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ನಾಲ್ಕಡಿ ಎತ್ತರದ ದಕ್ಷಿಣದ ಕಿಟಕಿಗೆ ಮೂರಡಿಯ ಸಜ್ಜಾ ಬೇಕಾಗುವುದು ಹೀಗೆ. ಎಲ್ಲ ಕಡೆಗೂ ಒಂದೇ ಅಳತೆಯಂತೆ ಹಾಕುವ ಎರಡಡಿ ಅಲ್ಲಿ ಸಾಲದು. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಸರಿದರೂ ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಇರುವುದರಿಂದ ಆ ಬದಿಗೆ ಒಂದೂವರೆ ಅಡಿ ಸಾಕು. ಬೆಳಗು, ಸಂಜೆಯ ಓರೆ ಬಿಸಿಲಿಗೆ ಕಿಟಕಿಯ ಎರಡೂ ಪಕ್ಕ ಲಂಬವಾದ ಹಲಗೆ ನಿಲ್ಲಿಸಬೇಕು.

ಸಜ್ಜಾದ ಖರ್ಚು ಉಳಿಸಲೆಂದು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅದು ಬಿಸಿಲಿನ ಜೊತೆ ಬೆಳಕನ್ನೂ ನುಂಗುವುದರಿಂದ ಮೋಡದ ದಿನ ದೀಪ ಹಚ್ಚಲೇಬೇಕಾಗುತ್ತದೆ. ಚಾವಣಿಗೆ ಹಾಕುವ ಅಗ್ಗದ ಫೈಬರ್ ಶೀಟೂ ಬೇಡ. ಅದು ಬಿಸಿಲಿಗೆ ಹಳದಿಯಾಗುತ್ತದೆ, ಸೆಕೆಯನ್ನೂ ಒಳಗೆ ತರುತ್ತದೆ. ಕರಾವಳಿಯ ಹೆಂಚಿನ ಮಾಡಿಗಾದರೆ ಉತ್ತರದ ಇಳಿಜಾರಿನಲ್ಲಿ ಕೆಲವೇ ಗಾಜಿನ ಹೆಂಚುಗಳನ್ನು ಕೂರಿಸಬಹುದು.

ಮೂರನೆಯದಾಗಿ, ಚಾವಣಿ ಅಚ್ಚ ಬಿಳಿ, ಗೋಡೆ ತಿಳಿ ಬಣ್ಣ, ಎರಡಕ್ಕೂ ಹೊಳಪಿಲ್ಲದ ಪೇಂಟ್.

ನಾಲ್ಕನೆಯದು ಬೋರ್ಡ್. ಅದಿರುವ ಗೋಡೆಯಲ್ಲಿ ಕಿಟಕಿ ಕೂಡದು. ಮುಖ್ಯ ಕಿಟಕಿಗಳು ಮಕ್ಕಳ ಎಡಕ್ಕಿದ್ದರೆ ಬಲಗೈಯಲ್ಲಿ ಬರೆಯುವವರ ನೋಟ್‌ಬುಕ್ ಮೇಲೆ ಕೈಯ ನೆರಳು ಬೀಳದು. ಹೊಳೆಯುವ ಬಿಳಿ ಬೋರ್ಡಿನಲ್ಲಿ ಕಿಟಕಿಯೇ ಪ್ರತಿಫಲಿಸಿ, ಮುಂದಿನ ಮೂಲೆಯ ಮಗು ಅಕ್ಷರ ಕಾಣದೆ ಕತ್ತು ವಾಲಿಸುತ್ತ ಕೂರುತ್ತದೆ. ಹೊಳಪಿಲ್ಲದ ಹಸಿರು ಬೋರ್ಡನ್ನೇ ಆರಿಸಿ.

ಕೊನೆಗೆ ವೈರಿಂಗ್. ಟ್ಯೂಬ್‌ಲೈಟುಗಳ ಸಾಲು ಕಿಟಕಿಗೆ ಸಮಾನಾಂತರವಾಗಿದ್ದು, ಪ್ರತಿ ಸಾಲಿಗೂ ಬೇರೆ ಸ್ವಿಚ್ ಇರಬೇಕು. ಒಂದೇ ಸ್ವಿಚ್ಚಿಗೆ ಎಲ್ಲವನ್ನೂ ಸೇರಿಸಿದರೆ ಒಳಗಿನ ಒಂದು ಸಾಲಿಗಾಗಿ ಇಡೀ ಕೊಠಡಿಯ ದೀಪಗಳು ಉರಿಯುತ್ತವೆ. ಗಾರೆ ಕೆಲಸ ಶುರುವಾಗುವ ಮೊದಲೇ ಇದನ್ನು ಎಲೆಕ್ಟ್ರಿಷಿಯನ್‌ಗೆ ನಕ್ಷೆಯಲ್ಲಿ ಗುರುತಿಸಿ ಕೊಡಿ.